ಕ್ರೋನೋ ಟ್ರಿಗರ್ ಆಡೋದು ಹೇಗೆ: ಏಳು ಜನರಲ್ಲಿ ಯಾವ ಮೂವರು?

ಕ್ರೋನೋ ಟ್ರಿಗರ್ ಅನ್ನುವ ವಿಡಿಯೋ ಗೇಮ್ ಹೊಸದಾಗಿ ಶುರು ಮಾಡಿದ ಹುಡುಗರು ಮೊದಲು ಕೇಳೋದು ಒಂದೇ: ಲೆವೆಲ್ ಎಷ್ಟಾದರೆ ಮುಂದೆ ಹೋಗಬಹುದು? ಆ ಪ್ರಶ್ನೆ ಬಿಟ್ಟುಬಿಡಿ. ಲೆವೆಲ್ ಏರಿಸೋಕೆ ಅಂತ ಒಂದೇ ಜಾಗದಲ್ಲಿ ಗಂಟೆಗಟ್ಟಲೆ ಸುತ್ತುವ ಅಗತ್ಯ ಈ ಆಟದಲ್ಲಿ ಹೆಚ್ಚುಕಮ್ಮಿ ಬರೋದೇ ಇಲ್ಲ. ಕೇಳಬೇಕಾದ್ದು ಬೇರೆ. ಏಳು ಜನರಲ್ಲಿ ಈಗ ಯಾವ ಮೂವರು ಜೊತೆಗಿರಬೇಕು? ಯಾರ ಪಕ್ಕ ಯಾರು ನಿಂತರೆ ಏನಾಗುತ್ತದೆ ಅಂತ ಗೊತ್ತಾದರೆ ಹೋರಾಟ ಕೈಗೆ ಬಂದ ಹಾಗೆ, ಕಥೆಯೂ ಅಲ್ಲೇ ತೆರೆದುಕೊಳ್ಳುತ್ತದೆ.

ಆಟದ ಬಗ್ಗೆ ಎರಡು ಮಾತು. ಕ್ರೋನೋ ಅನ್ನುವ ಹುಡುಗ ಮತ್ತು ಅವನ ಜೊತೆಗಾರರು ಕಾಲದ ಬಾಗಿಲು ದಾಟಿ ಬೇರೆ ಬೇರೆ ಕಾಲಕ್ಕೆ ಹೋಗಿ, ಜಗತ್ತನ್ನು ಹಾಳು ಮಾಡುವ ಲಾವೋಸ್ ಅನ್ನುವ ರಾಕ್ಷಸನನ್ನು ತಡೆಯುವ ಕಥೆ ಇದು. 1995ರ ಮಾರ್ಚ್‌ನಲ್ಲಿ ಜಪಾನಿನ ಸ್ಕ್ವೇರ್ ಕಂಪನಿ ಇದನ್ನು ಸೂಪರ್ ಫ್ಯಾಮಿಕಾಮ್ ಅನ್ನುವ ಗೇಮ್ ಯಂತ್ರಕ್ಕೆ ತಂದಿತು. ಫೈನಲ್ ಫ್ಯಾಂಟಸಿಯ ಹಿರೋನೊಬು ಸಕಾಗುಚಿ, ಡ್ರ್ಯಾಗನ್ ಕ್ವೆಸ್ಟ್‌ನ ಯೂಜಿ ಹೋರಿಯಿ, ಡ್ರ್ಯಾಗನ್ ಬಾಲ್ ಕಾಮಿಕ್ಸ್ ಬರೆದ ಅಕಿರಾ ತೊರಿಯಾಮಾ, ಈ ಮೂವರೂ ಒಂದೇ ಆಟಕ್ಕೆ ಕೈ ಹಾಕಿದ್ದರು. ಪಾತ್ರಗಳ ರೂಪ ತೊರಿಯಾಮಾ ಅವರದ್ದು, ಹಾಗಾಗಿ ಕ್ರೋನೋನ ಮುಳ್ಳುಮುಳ್ಳು ಕೆಂಪು ಕೂದಲು ನೋಡಿದ ಕೂಡಲೇ ಡ್ರ್ಯಾಗನ್ ಬಾಲ್‌ನ ಗೋಕು ನೆನಪಾಗುತ್ತಾನೆ. ಸಂಗೀತ ಯಾಸುನೋರಿ ಮಿತ್ಸುದಾ ಅವರದ್ದು. ಅವರು ಹುಷಾರು ತಪ್ಪಿದಾಗ ನೊಬುವೊ ಉಯೆಮಾತ್ಸು ಉಳಿದ ಹಾಡುಗಳಿಗೆ ಕೈ ಜೋಡಿಸಿದರು. ದಯವಿಟ್ಟು ಹೆಡ್‌ಫೋನ್ ಹಾಕಿಕೊಂಡು ಆಡಿ. ಜುಲೈ ಮಳೆ ತಗಡಿನ ಮೇಲೆ ಬೀಳುವಾಗ ಕಾರವಾರದಲ್ಲಿ ಫೋನಿನ ಸ್ಪೀಕರ್ ಕೇಳೋದಿಲ್ಲ, ಈ ಸಂಗೀತ ಕೇಳದೆ ಆಡಿದರೆ ನಷ್ಟ ನಿಮಗೇ.

ಈಗ ಆಡೋಕೆ ಸುಲಭದ ದಾರಿ ಫೋನು, ಇಲ್ಲವೇ 2018ರಲ್ಲಿ ಬಂದ ಸ್ಟೀಮ್ (ಕಂಪ್ಯೂಟರ್ ಗೇಮ್ ಮಾರುವ ಆನ್‌ಲೈನ್ ಅಂಗಡಿ) ಆವೃತ್ತಿ. ನಾನು ಹೇಳೋದು ಲ್ಯಾಪ್‌ಟಾಪ್ ಮತ್ತು ಒಂದು ಕಂಟ್ರೋಲರ್. ಸ್ಟೀಮ್‌ನಲ್ಲಿ ಚಿತ್ರಗಳನ್ನು ಹಳೆಯ ರೂಪಕ್ಕೆ ಬದಲಿಸುವ ಆಯ್ಕೆ ಸೆಟ್ಟಿಂಗ್ಸ್ ಒಳಗಿದೆ, ಅದನ್ನೇ ಇಟ್ಟುಕೊಳ್ಳಿ. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟ್ ಕಥೆ ಗೊತ್ತೇ ಇದೆ ಅಲ್ವಾ, ಅದಕ್ಕೇ ಸೇವ್ ಮಾಡುವ ರೂಢಿ ಮೊದಲ ದಿನದಿಂದಲೇ ಇರಲಿ. ದೊಡ್ಡ ಭೂಪಟದಲ್ಲಿ ನಡೆಯುವಾಗ ಎಲ್ಲಿ ಬೇಕಾದರೂ ಸೇವ್ ಮಾಡಬಹುದು, ಗುಹೆ ಕೋಟೆಗಳ ಒಳಗೆ ಮಾತ್ರ ಮಿನುಗುವ ಸೇವ್ ಪಾಯಿಂಟ್ ಬೇಕು. ಹೊಸ ಆವೃತ್ತಿಗಳಲ್ಲಿ ಆಟ ತಾನಾಗಿಯೂ ಸೇವ್ ಆಗುತ್ತದೆ. ಆದರೂ ಎರಡು ಮೂರು ಬೇರೆ ಬೇರೆ ಸ್ಲಾಟ್ ಬಳಸಿ, ಯಾಕೆ ಅಂತ ಮುಂದೆ ಗೊತ್ತಾಗುತ್ತದೆ.

ಶುರುವಿನಲ್ಲೇ ಬ್ಯಾಟಲ್ ಮೋಡ್ ಕೇಳುತ್ತದೆ: ಆಕ್ಟಿವ್ ಅಥವಾ ವೇಟ್. ವೇಟ್ ಒತ್ತಿ. ಆಗ ಟೆಕ್ (ಪಾತ್ರಗಳ ವಿಶೇಷ ಹೊಡೆತ, ಮಂತ್ರ) ಅಥವಾ ಐಟಂ ಪಟ್ಟಿ ತೆರೆದಿರುವಷ್ಟು ಹೊತ್ತು ಸಮಯ ನಿಂತಿರುತ್ತದೆ, ನಿಧಾನವಾಗಿ ಯೋಚಿಸಬಹುದು.

ಈಗ ಹೋರಾಟ. ಒಬ್ಬೊಬ್ಬರಿಗೂ ಪರದೆಯ ಮೇಲೆ ಒಂದು ಸಮಯದ ಪಟ್ಟಿ (ಗೇಜ್) ತುಂಬುತ್ತಾ ಬರುತ್ತದೆ, ತುಂಬಿದರೆ ಅವರ ಸರದಿ. ಹೊಸಬರು ಪಟ್ಟಿ ತುಂಬಿದ ಕೂಡಲೇ ಹೊಡೆಯುತ್ತಾರೆ. ಹಾಗೆ ಮಾಡಬೇಡಿ, ಕಾಯಿರಿ. ಇಬ್ಬರ ಪಟ್ಟಿ ಒಟ್ಟಿಗೆ ತುಂಬಿದಾಗ ಡಬಲ್ ಟೆಕ್ ತೆರೆಯುತ್ತದೆ, ಮೂವರದ್ದೂ ತುಂಬಿದರೆ ಟ್ರಿಪಲ್. ಕ್ರೋನೋನ ಸೈಕ್ಲೋನ್ ಮತ್ತು ಅವನ ಜೊತೆಗಾತಿ ಮಾರ್ಲ್‌ಳ ಔರಾ ಸೇರಿದರೆ ಔರಾ ವರ್ಲ್, ಮೂವರಿಗೂ ಒಟ್ಟಿಗೆ ಜೀವ ತುಂಬುತ್ತದೆ. ಖರ್ಚಾಗುವ ಎಂಪಿ (ಟೆಕ್ ಬಳಸಲು ಬೇಕಾದ ಶಕ್ತಿ) ಕ್ರೋನೋನಿಂದ 2, ಮಾರ್ಲ್‌ಳಿಂದ 1, ಅಷ್ಟೇ. ಆಟದ ಮೊದಲ ಅರ್ಧಕ್ಕೆ ಇದಕ್ಕಿಂತ ಅಗ್ಗದ ಔಷಧಿ ಇಲ್ಲ.

ಶತ್ರುಗಳು ನಿಂತಲ್ಲೇ ನಿಲ್ಲೋದಿಲ್ಲ ಅನ್ನೋದನ್ನೂ ಗಮನಿಸಿ. ಸೈಕ್ಲೋನ್ ಗುರಿಯ ಸುತ್ತ ಇರುವವರಿಗೂ ತಾಗುತ್ತದೆ. ಹಾಗಾಗಿ ಮೂರು ಶತ್ರುಗಳು ಚದುರಿ ನಿಂತಿದ್ದರೆ ಒಂದೆರಡು ಕ್ಷಣ ತಾಳಿ, ಅವರು ಅಡ್ಡಾಡುತ್ತಾ ಹತ್ತಿರ ಬಂದಾಗ ಬೀಸಿ. ಒಂದೇ ಏಟಿಗೆ ಮೂರೂ ಬೀಳುವುದನ್ನು ಒಮ್ಮೆ ನೋಡಿದರೆ ಆಮೇಲೆ ಕಣ್ಣೇ ಆ ಜಾಗ ಹುಡುಕುತ್ತದೆ.

ಇನ್ನೊಂದು ಮುಖ್ಯ ವಿಷಯ. ಪಾರ್ಟಿಯಿಂದ, ಅಂದರೆ ಆಗ ಆಡುತ್ತಿರುವ ಮೂವರ ಗುಂಪಿನಿಂದ, ಹೊರಗಿರುವವರ ಲೆವೆಲ್ ಏರುತ್ತಾ ಹೋಗುತ್ತದೆ, ಆದರೆ ಹೊಸ ಟೆಕ್ ಕಲಿಯಲು ಬೇಕಾದ ಟೆಕ್ ಪಾಯಿಂಟ್ ಜೊತೆಗಿದ್ದವರಿಗೆ ಮಾತ್ರ. ಡಬಲ್ ಟೆಕ್‌ಗೆ ಇಬ್ಬರೂ ತಮ್ಮ ಪಾಲಿನ ಟೆಕ್ ಕಲಿತಿರಲೇಬೇಕು. ಒಂದೇ ಮೂವರನ್ನು ಕೊನೆತನಕ ಹಿಡಿದುಕೊಂಡರೆ ಉಳಿದ ನಾಲ್ವರ ಜೋಡಿಗಳು ಒಂದೂ ಸಿಗೋದಿಲ್ಲ. ಅದಲು ಬದಲು ಮಾಡುತ್ತಾ ಇರಿ.

ಆಟ ಶುರುವಾಗೋದು ಕ್ರಿ.ಶ. 1000ದ ಒಂದು ದೊಡ್ಡ ಜಾತ್ರೆಯಲ್ಲಿ. ಶಿರಸಿ ಮಾರಿಕಾಂಬೆ ಜಾತ್ರೆಯಲ್ಲಿ ಬಿಡಕಿಬೈಲಿನ ಸುತ್ತ ಅಡ್ಡಾಡಿದ ಹಾಗೆ ಇಲ್ಲೂ ಸುಮ್ನೆ ಸುತ್ತಿ, ಎಲ್ಲರನ್ನೂ ಮಾತಾಡಿಸಿ. ಆದರೆ ನೀವು ಏನು ಮಾಡುತ್ತೀರಿ ಅಂತ ಆಟ ನೋಡುತ್ತಿರುತ್ತದೆ. ಗಂಟೆಯ ಹತ್ತಿರ ಮಾರ್ಲ್ ಡಿಕ್ಕಿ ಹೊಡೆದು ಬೀಳುತ್ತಾಳೆ, ಅವಳ ಪದಕವೂ ಬೀಳುತ್ತದೆ. ಮೊದಲು ಹುಡುಗಿಯನ್ನು ಮಾತಾಡಿಸಿ, ಆಮೇಲೆ ಪದಕ ಎತ್ತಿಕೊಳ್ಳಿ. ಅವಳು ಮಿಠಾಯಿ ಆರಿಸುವಾಗ ಎಳೆದಾಡದೆ ನಿಂತಿರಿ. ಮೇಜಿನ ಮೇಲೆ ಯಾರೋ ಇಟ್ಟ ಬುತ್ತಿ ತಿನ್ನಬೇಡಿ, ಬೆಕ್ಕು ಕಳೆದುಕೊಂಡ ಪುಟ್ಟ ಹುಡುಗಿಗೆ ಬೆಕ್ಕು ಹುಡುಕಿಕೊಡಿ, ಪದಕ ಮಾರುತ್ತೀರಾ ಅಂತ ಕೇಳಿದರೆ ಇಲ್ಲ ಅನ್ನಿ. ಸ್ವಲ್ಪ ಹೊತ್ತಿನ ನಂತರ ಕ್ರೋನೋನನ್ನು ಕೋರ್ಟಿನಲ್ಲಿ ನಿಲ್ಲಿಸುತ್ತಾರೆ, ಈ ಒಂದೊಂದೂ ಸಾಕ್ಷಿಯಾಗಿ ಎದುರಿಗೆ ಬರುತ್ತದೆ. ಏಳು ಜ್ಯೂರಿಗಳೂ ನಿರಪರಾಧಿ ಅಂದರೆ ಜೈಲಿನಲ್ಲಿ ಎಂಪಿ ತುಂಬುವ ಈಥರ್ ಬಾಟಲಿಗಳು ಸಿಗುತ್ತವೆ. ಹೌದು, ನಿರಪರಾಧಿ ಅಂದರೂ ಜೈಲೇ. ಆ ಅನ್ಯಾಯ ಕಥೆಯ ಭಾಗ, ನಿಮ್ಮ ಆಟದ ತಪ್ಪಲ್ಲ. ಜೈಲಿನಿಂದ ತಪ್ಪಿಸಿಕೊಳ್ಳುವಾಗ ಡ್ರ್ಯಾಗನ್ ಟ್ಯಾಂಕ್ ಎದುರಾಗುತ್ತದೆ. ಅದರ ತಲೆ ಉಳಿದ ಭಾಗಗಳಿಗೆ ಜೀವ ತುಂಬುತ್ತಿರುತ್ತದೆ, ಮೊದಲು ತಲೆ ಒಡೆಯಿರಿ.

ಅದಕ್ಕೂ ಮುಂಚೆ, ಕಾಲದ ಬಾಗಿಲು ದಾಟಿ ಹೋಗುವ ಕ್ರಿ.ಶ. 600ರ ಚರ್ಚಿನಲ್ಲಿ ಫ್ರಾಗ್ ಸೇರುತ್ತಾನೆ. ಕಪ್ಪೆಯ ಮೈ, ಕೈಯಲ್ಲಿ ಕತ್ತಿ, ಮಾತಿನಲ್ಲಿ ವಿಪರೀತ ಮರ್ಯಾದೆ. ಇವನು ಸ್ಲರ್ಪ್ ಕಟ್ ಕಲಿತ ಕೂಡಲೇ ಕ್ರೋನೋನ ಸೈಕ್ಲೋನ್ ಜೊತೆ ಎಕ್ಸ್ ಸ್ಟ್ರೈಕ್ ತೆರೆಯುತ್ತದೆ: ಎರಡು ಕಡೆಯಿಂದ ಇಬ್ಬರೂ ಓಡಿಬಂದು ಶತ್ರುವನ್ನು ಅಡ್ಡಡ್ಡ ಸೀಳುತ್ತಾರೆ. ಚರ್ಚಿನ ಕೊನೆಯಲ್ಲಿ ಕಾಯುವ ಯಾಕ್ರಾ ಅನ್ನುವ ಬಾಸ್‌ಗೆ (ದೊಡ್ಡ ಶತ್ರುವಿಗೆ) ಇದನ್ನೇ ಮತ್ತೆ ಮತ್ತೆ ಕೊಡಿ.

ಕ್ರಿ.ಶ. 2300ಕ್ಕೆ ಹೋದಾಗ ಆಟದ ಬಣ್ಣವೇ ಬದಲಾಗುತ್ತದೆ. ಹಾಳುಬಿದ್ದ ಜಗತ್ತು, ಗುಮ್ಮಟಗಳ ಒಳಗೆ ಬದುಕುವ ಜನ. ಎನರ್‌ಟ್ರಾನ್ ಅನ್ನುವ ಯಂತ್ರದೊಳಗೆ ಹೋಗಿ ಬಂದರೆ ಜೀವ, ಎಂಪಿ ಎಲ್ಲ ತುಂಬುತ್ತದೆ, ಆದರೆ ಹಸಿವು ಮಾತ್ರ ಹಾಗೇ ಇದೆ ಅಂತ ಆಟ ಪ್ರತಿ ಸಲ ಹೇಳುತ್ತದೆ. ಆರಿಸ್ ಡೋಮ್‌ನ ಉಗ್ರಾಣದಲ್ಲಿ ಊಟವೆಲ್ಲ ಕೊಳೆತಿದೆ, ಅಲ್ಲೊಬ್ಬ ಸತ್ತು ಬಿದ್ದಿದ್ದಾನೆ, ಅವನ ಹತ್ತಿರ ಒಂದು ಬೀಜ. ಅಲ್ಲಿ ಓಡಬೇಡಿ, ನಿಂತು ಓದಿ. ಆ ಬೀಜ ಮೇಲಿನ ಮುದುಕನ ಕೈ ಸೇರುವ ದೃಶ್ಯ ನೋಡಿದ ಮೇಲೇ ಈ ಮಕ್ಕಳು ಯಾಕೆ ಜಗತ್ತು ಉಳಿಸಲು ಹೊರಟರು ಅನ್ನೋದು ಮನಸ್ಸಿಗೆ ತಾಗುತ್ತದೆ.

ಇದೇ ಕಾಲದಲ್ಲಿ ಕ್ರೋನೋನ ಗೆಳತಿ ಲುಕ್ಕಾ ಒಂದು ಕೆಟ್ಟುಹೋದ ಯಂತ್ರಮಾನವನನ್ನು ರಿಪೇರಿ ಮಾಡುತ್ತಾಳೆ, ಅವನೇ ರೋಬೋ. ಈಗ ನಾಲ್ವರಾದರು. ನಾಲ್ವರು ಒಟ್ಟಿಗೆ ಕಾಲದ ಬಾಗಿಲು ದಾಟಿದ್ದಕ್ಕೇ ದಾರಿ ತಪ್ಪಿ ಕಾಲದ ಕೊನೆಗೆ ಬಂದು ಬೀಳುತ್ತಾರೆ, ಇನ್ನು ಮೇಲೆ ಮೂವರೇ ಹೋಗಬೇಕು ಅಂತ ಅಲ್ಲಿನ ಮುದುಕ ಹೇಳುತ್ತಾನೆ. ಪಾರ್ಟಿಗೆ ಮೂವರೇ ಅನ್ನುವ ಆಟದ ನಿಯಮಕ್ಕೆ ಕಥೆಯೊಳಗೇ ಕಾರಣ ಕೊಟ್ಟಿದ್ದಾರೆ, ನನಗೆ ಬಹಳ ಇಷ್ಟವಾದ ಸಂಗತಿ ಇದು.

ಅಲ್ಲೇ ಪಕ್ಕದ ಕೋಣೆಯಲ್ಲಿ ಸ್ಪೆಕಿಯೋ ಮಂತ್ರಶಕ್ತಿ ಕೊಡುತ್ತಾನೆ. ಬಾಗಿಲಿನಿಂದ ಶುರು ಮಾಡಿ, ಗೋಡೆಗೆ ಅಂಟಿಕೊಂಡು, ಗಡಿಯಾರದ ಮುಳ್ಳು ತಿರುಗುವ ದಿಕ್ಕಿನಲ್ಲಿ ಮೂರು ಸುತ್ತು ಹಾಕಿ. ಮೂಲೆ ಕತ್ತರಿಸಿದರೆ ಲೆಕ್ಕಕ್ಕೆ ಬರೋದಿಲ್ಲ. ಕ್ರೋನೋಗೆ ಮಿಂಚು, ಮಾರ್ಲ್ ಮತ್ತು ಫ್ರಾಗ್‌ಗೆ ನೀರು, ಲುಕ್ಕಾಗೆ ಬೆಂಕಿ. ರೋಬೋಗೆ ಮಂತ್ರ ಸಿಗೋದಿಲ್ಲ, ಆದರೆ ಅವನ ಲೇಸರ್ ನೆರಳಿನ ಶಕ್ತಿ ಅಂತಲೇ ಲೆಕ್ಕ.

6 ಕೋಟಿ 50 ಲಕ್ಷ ವರ್ಷ ಹಿಂದಕ್ಕೆ ಹೋದರೆ ಐಲಾ ಸಿಗುತ್ತಾಳೆ. ಮಂತ್ರ ಇಲ್ಲ, ಆಯುಧ ಇಲ್ಲ, ಬರೀ ಮುಷ್ಟಿ. ಅವಳ ಚಾರ್ಮ್ ಟೆಕ್ ಶತ್ರುಗಳಿಂದ ವಸ್ತು ಕದಿಯುತ್ತದೆ, ಬಾಸ್‌ಗಳ ಮೇಲೂ ಬಳಸಿ. ಇಲ್ಲಿನ ಡೈನೋಸಾರ್‌ಗಳಿಗೆ ಮಿಂಚು ತಾಗಿದರೆ ಮೈಯ ಗಟ್ಟಿತನ ಇಳಿಯುತ್ತದೆ. ಮೊದಲು ಮಿಂಚು, ಆಮೇಲೆ ಐಲಾಳ ಏಟು. ನಿಜ್‌ಬೆಲ್ ಅನ್ನುವ ಬಾಸ್‌ಗೂ ಇದೇ ಉಪಾಯ, ಆದರೆ ಅವನು ತಿಂದ ಮಿಂಚನ್ನೆಲ್ಲ ಸ್ವಲ್ಪ ಹೊತ್ತಿನ ನಂತರ ನಿಮ್ಮ ಮೇಲೇ ಬಿಡುತ್ತಾನೆ, ಆಗ ಮೂವರ ಜೀವವೂ ತುಂಬಿರಲಿ.

ಫ್ರಾಗ್‌ನನ್ನು ಕಪ್ಪೆ ಮಾಡಿದ ಮಂತ್ರವಾದಿ ಮೇಗಸ್. ಅವನ ಕೋಟೆಗೆ ಕ್ರೋನೋ ಮತ್ತು ಫ್ರಾಗ್ ಹೇಗೂ ಹೋಗಲೇಬೇಕು. ಮೂರನೆಯದಾಗಿ ನಾನು ಲುಕ್ಕಾಳನ್ನು ಕರೆದುಕೊಂಡು ಹೋಗುತ್ತೇನೆ. ಮೇಗಸ್ ತನ್ನ ಕವಚ ಬದಲಿಸುತ್ತಾ ಇರುತ್ತಾನೆ, ಒಂದೊಂದು ಸಲ ಒಂದೊಂದು ಶಕ್ತಿ ಮಾತ್ರ ತಾಗುತ್ತದೆ. ಮಿಂಚು, ನೀರು, ಬೆಂಕಿ ಮೂರೂ ಕೈಯಲ್ಲಿದ್ದರೆ ಕಾಯುವ ಹೊತ್ತು ಕಮ್ಮಿ. ಫ್ರಾಗ್ ಮಸಮುನೆ ಕತ್ತಿಯಿಂದ ಹೊಡೆಯುತ್ತಿರಲಿ, ಮೇಗಸ್‌ನ ಮಂತ್ರ ತಡೆಯುವ ಬಲ ಅದರಿಂದ ಇಳಿಯುತ್ತದೆ. ಫ್ರಾಗ್ ಹತ್ತು ವರ್ಷ ಹೊತ್ತ ನೋವಿನ ಲೆಕ್ಕ ಚುಕ್ತಾ ಆಗುವ ಜಾಗ ಇದು, ಅವನ ಕತ್ತಿಗೇ ಕೆಲಸ ಇರೋದು ಸರಿಯೇ.

ಮುಂದೆ ಸಮುದ್ರದಡಿಯ ಅರಮನೆಗೆ ಇಳಿಯುವ ಮುಂಚೆ ಒಂದು ಬೇರೆ ಸ್ಲಾಟ್‌ನಲ್ಲಿ ಸೇವ್ ಇಟ್ಟುಕೊಳ್ಳಿ. ಅಲ್ಲಿ ಆಗುವುದನ್ನು ಹೇಳೋದಿಲ್ಲ, ಯಾರನ್ನೂ ಕೇಳಲೂ ಬೇಡಿ. ಅದಾದ ಮೇಲೆ ಒಂದು ಭೂಶಿರದ ತುದಿಯಲ್ಲಿ ಮೇಗಸ್ ಒಬ್ಬನೇ ನಿಂತಿರುತ್ತಾನೆ, ಹೋರಾಡುತ್ತೀರಾ ಅನ್ನುವ ಪ್ರಶ್ನೆ ಬರುತ್ತದೆ. ಬೇಡ ಅಂದರೆ ಅವನೂ ಪಾರ್ಟಿಗೆ ಬರುತ್ತಾನೆ, ಹೊಡೆದು ಗೆದ್ದರೆ ಅವನು ಇನ್ನಿಲ್ಲ. ಮೊದಲ ಸಲ ಬೇಡ ಅನ್ನಿ. ಸೇರಿದ ಮೇಲೆ ನೋಡಿ, ಅವನಿಗೆ ಯಾರ ಜೊತೆಯೂ ಒಂದೇ ಒಂದು ಡಬಲ್ ಟೆಕ್ ಇಲ್ಲ. ಉಳಿದ ಆರು ಜನರೂ ಕೈ ಜೋಡಿಸುವ ಆಟದಲ್ಲಿ ಇವನು ಮಾತ್ರ ಒಂಟಿ. ಒಂದು ಮಾತೂ ಆಡಿಸದೆ ಅವನ ಸ್ವಭಾವ ಹೇಳಿಬಿಟ್ಟಿದ್ದಾರೆ.

ಕೊನೆಯ ಭಾಗ ಸೈಡ್ ಕ್ವೆಸ್ಟ್‌ಗಳದ್ದು, ಆತುರಪಟ್ಟು ಇವನ್ನು ಬಿಡಬೇಡಿ. ಇಲ್ಲಿ ನಿಯಮ ಸುಲಭ: ಯಾರ ಕಥೆಯೋ ಅವರನ್ನೇ ಕರೆದುಕೊಂಡು ಹೋಗಿ. ಉತ್ತರದ ಪಾಳುಕಟ್ಟಡದ ಸಮಾಧಿಗೆ ಫ್ರಾಗ್, ಗಾರ್ಡಿಯಾ ರಾಜನ ವಿಚಾರಣೆಗೆ ಮಗಳು ಮಾರ್ಲ್, ಜೀನೋ ಡೋಮ್‌ಗೆ ರೋಬೋ, ಓಝಿಯ ಕೋಟೆಗೆ ಮೇಗಸ್.

ಎಲ್ಲಕ್ಕಿಂತ ಮೊದಲು ಮಾಡಬೇಕಾದ್ದು ಫಿಯೋನಾಳ ಕಾಡು. ಕ್ರಿ.ಶ. 600ರಲ್ಲಿ ಅವಳ ಊರು ಮರುಭೂಮಿಯಾಗುತ್ತಿದೆ. ಮರಳಿನಡಿಯ ರೆಟಿನೈಟ್ ಅನ್ನುವ ಬಾಸ್‌ಗೆ ಮೊದಲು ನೀರಿನ ಮಂತ್ರ ಹಾಕಿ, ಮೈ ಮೆತ್ತಗಾದ ಮೇಲೆ ಹೊಡೆಯಿರಿ. ಗೆದ್ದ ನಂತರ ರೋಬೋ ಜೊತೆ ಫಿಯೋನಾಳ ಮನೆಗೆ ಹೋಗಿ. ಗಿಡ ನೆಡಲು ರೋಬೋ ಅಲ್ಲೇ ಉಳಿಯುತ್ತಾನೆ. ನೀವು ಕಾಲ ದಾಟುವ ಹಡಗು ಹತ್ತಿ ಕ್ರಿ.ಶ. 1000ಕ್ಕೆ ಬರೋದು ಎರಡು ನಿಮಿಷದ ಕೆಲಸ, ಅವನಿಗೆ ಅದು 400 ವರ್ಷ. ಮರಳು ಇದ್ದಲ್ಲಿ ದಟ್ಟ ಕಾಡು, ನಡುವೆ ಒಂದು ಗುಡಿ, ಗುಡಿಯೊಳಗೆ ತುಕ್ಕು ಹಿಡಿದು ನಿಂತ ರೋಬೋ. 1983ರಲ್ಲಿ ಶಿರಸಿ ಹತ್ತಿರದ ಸಲ್ಕಣಿಯ ಜನ ಮರ ಅಪ್ಪಿಕೊಂಡು ಕೊಡಲಿ ತಡೆದದ್ದನ್ನು ಕೇಳಿ ಬೆಳೆದ ನಮ್ಮ ಜಿಲ್ಲೆಯವರಿಗೆ ಈ ದೃಶ್ಯ ಯಾರೂ ವಿವರಿಸಬೇಕಾಗಿಲ್ಲ.

ಅದೇ ರಾತ್ರಿ ಕಾಡಿನಲ್ಲಿ ಬೆಂಕಿ ಹಾಕಿಕೊಂಡು ಎಲ್ಲರೂ ಕೂರುತ್ತಾರೆ. ಆಮೇಲೆ ಲುಕ್ಕಾ ಒಬ್ಬಳೇ ಎದ್ದು ತನ್ನ ಬಾಲ್ಯದ ಮನೆಗೆ ಹೋಗುತ್ತಾಳೆ, ತಾಯಿಯ ಕಾಲು ಯಂತ್ರಕ್ಕೆ ಸಿಕ್ಕ ದಿನಕ್ಕೆ. ಅಲ್ಲಿ ಎಲ್ಲವನ್ನೂ ಓದಿ. ಯಂತ್ರ ನಿಲ್ಲಿಸುವ ಪಾಸ್‌ವರ್ಡ್ ತಾಯಿಯ ಹೆಸರು: ಎಲ್, ಎ, ಆರ್, ಎ ಬಟನ್‌ಗಳನ್ನು ಅದೇ ಕ್ರಮದಲ್ಲಿ ಒತ್ತಬೇಕು, ಸಮಯ ಬಹಳ ಕಮ್ಮಿ. ತಪ್ಪಿದರೆ ಆಟ ಮುಂದುವರಿಯುತ್ತದೆ, ಆದರೆ ತಾಯಿಯ ಕಾಲು ಸರಿಯಾಗೋದಿಲ್ಲ. ಇಲ್ಲಿಗೂ ಒಂದು ಪ್ರತ್ಯೇಕ ಸೇವ್ ಇರಲಿ.

ಮಾರ್ಲ್‌ಳ ಪದಕಕ್ಕೆ ಶಕ್ತಿ ತುಂಬಿದ ಮೇಲೆ ಮುಚ್ಚಿದ ಕಪ್ಪು ಪೆಟ್ಟಿಗೆಗಳು ತೆರೆಯುತ್ತವೆ. ಕ್ರಿ.ಶ. 600 ಮತ್ತು 1000 ಎರಡರಲ್ಲೂ ಅದೇ ಪೆಟ್ಟಿಗೆ ಇದ್ದರೆ ಹಳೆಯ ಕಾಲದಲ್ಲಿ ಮುಟ್ಟಿ, ತೆಗೆಯಬೇಕಾ ಅಂದಾಗ ಬೇಡ ಅನ್ನಿ. 1000ಕ್ಕೆ ಬಂದು ತೆಗೆದರೆ ಒಳಗಿನ ವಸ್ತು ಇನ್ನೂ ಚೆನ್ನಾಗಿರುತ್ತದೆ. ವಾಪಸ್ 600ಕ್ಕೆ ಹೋಗಿ ಹಳೆಯದನ್ನೂ ತೆಗೆದುಕೊಳ್ಳಿ, ಎರಡೂ ನಿಮ್ಮದೇ.

ಆಟ ಮುಗಿಸಿದ ಮೇಲೆ ನ್ಯೂ ಗೇಮ್ ಪ್ಲಸ್ ತೆರೆಯುತ್ತದೆ, ಕಲಿತ ಟೆಕ್, ಲೆವೆಲ್, ಆಯುಧಗಳೊಂದಿಗೆ ಮತ್ತೆ ಶುರು. ಲಾವೋಸ್‌ನನ್ನು ಕಥೆಯ ಯಾವ ಹಂತದಲ್ಲಿ ಸೋಲಿಸುತ್ತೀರಿ ಅನ್ನೋದರ ಮೇಲೆ ಹತ್ತಕ್ಕೂ ಜಾಸ್ತಿ ಬೇರೆ ಬೇರೆ ಮುಕ್ತಾಯಗಳಿವೆ. ಹಿಂದಿನ ಸಲ ಹೊರಗೆ ಕೂತಿದ್ದವರನ್ನು ಈ ಸಲ ಕರೆದುಕೊಳ್ಳಿ.

ಲಾವೋಸ್‌ನ ಕೊನೆಯ ರೂಪಕ್ಕೆ ನನ್ನ ಮೂವರು ಕ್ರೋನೋ, ಮಾರ್ಲ್, ಫ್ರಾಗ್. ಇಬ್ಬರಿಗೆ ಜೀವ ತುಂಬೋಕೆ ಬರುತ್ತದೆ, ಹಾಗಾಗಿ ಒಬ್ಬರು ಬಿದ್ದರೂ ಇನ್ನೊಬ್ಬರು ಎತ್ತುತ್ತಾರೆ. ಎದುರಿಗಿರುವ ಮೂರು ಆಕೃತಿಗಳಲ್ಲಿ ನಡುವೆ ನಿಂತ ಮನುಷ್ಯಾಕಾರವೇ ಅಸಲಿ ಅಂತ ಎಲ್ಲರಿಗೂ ಅನಿಸುತ್ತದೆ. ಅಲ್ಲ, ಬಲಗಡೆಯ ಪುಟ್ಟದೇ ಅಸಲಿ ಲಾವೋಸ್. ಉಳಿದೆರಡನ್ನು ಬೀಳಿಸಿ, ಅದರ ರಕ್ಷಣೆ ಇಳಿದ ತಕ್ಷಣ ಮೂವರ ಬಲವನ್ನೂ ಅದರ ಮೇಲೇ ಹಾಕಿ.