ಬಾಣಂತಿಗೊಂದು ಇಟಲಿ ಬಟ್ಟಲು

ತಂಗಿಗೆ ಏಳು ತಿಂಗಳು ತುಂಬಿತ್ತು. ಅವಳಿಗೆ ಏನಾದರೂ ಮಾಡಿಕೊಡಬೇಕು ಅನ್ನಿಸಿತು. ಮಣ್ಣಿನ ಕೆಲಸದವಳು ನಾನು, ಕೊಟ್ಟರೆ ಮಣ್ಣಿನದ್ದೇ ಕೊಡಬೇಕು. ಆಗ ನೆನಪಾದದ್ದು ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿ ನೋಡಿದ್ದ ಬಾಣಂತಿ ಬಟ್ಟಲು.

16ನೇ ಶತಮಾನದ ಇಟಲಿಯಲ್ಲಿ ಹೆತ್ತ ಹೆಂಗಸರಿಗೆ ಅಂತಲೇ ಚಿತ್ರ ಬರೆದ ಪಾತ್ರೆಗಳಿದ್ದವು. ಹೆಸರು ಇಂಪಾಲ್ಯಾತಾ. ‘ಪಾಲ್ಯಾ’ ಅಂದರೆ ಒಣಹುಲ್ಲು, ಹುಲ್ಲಿನ ಹಾಸಿಗೆಯಲ್ಲಿ ಮಲಗಿದವಳು ಅನ್ನುವ ಅರ್ಥ. ಕಾಸ್ಟೆಲ್ ಡುರಾಂಟೆ ಅನ್ನುವ ಊರಿನ ಚಿಪ್ರಿಯಾನೊ ಪಿಕ್ಕೊಲ್‌ಪಾಸ್ಸೊ 1557ರ ಸುಮಾರಿಗೆ ಕುಂಬಾರಿಕೆಯ ಬಗ್ಗೆ ಬರೆದಿಟ್ಟದ್ದರಲ್ಲಿ ಇದರ ಜೋಡಣೆಯೂ ಇದೆ. ಕೆಳಗೆ ಸಾರಿನ ಬಟ್ಟಲು, ಅದರ ಮೇಲೆ ಮುಚ್ಚಳವೂ ಆಗುವ ತಟ್ಟೆ, ಅದರ ಮೇಲೆ ಬೋರಲಾಗಿ ಇನ್ನೊಂದು ಬಟ್ಟಲು, ಮತ್ತೆ ಉಪ್ಪಿನ ಬಟ್ಟಲು, ಅದಕ್ಕೊಂದು ಮುಚ್ಚಳ. ನಮ್ಮ ಟಿಫಿನ್ ಕ್ಯಾರಿಯರ್ ನೆನಪಾಗುತ್ತೆ, ಅಲ್ವಾ? ಸಾರು ಕುಡಿದು ಮುಗಿಸಿದರೆ ತಳದಲ್ಲಿ ಚಿತ್ರ ಕಾಣುತ್ತೆ: ಮಂಚದ ಮೇಲೆ ಬಾಣಂತಿ, ಮಗುವಿಗೆ ನೀರು ಹಾಕುತ್ತಿರುವ ಹೆಂಗಸರು.

ಐದೂ ಮಾಡುವ ಧೈರ್ಯ ಇರಲಿಲ್ಲ. ಬಟ್ಟಲು, ತಟ್ಟೆ ಎರಡೇ ಸಾಕು ಅಂದುಕೊಂಡೆ.

ಮಾಯೋಲಿಕಾ ಅನ್ನುವ ಈ ಬಗೆಯ ಗುಟ್ಟು ಬಿಳಿ ಹೊಳಪಿನಲ್ಲಿದೆ. ಗ್ಲೇಜ್‌ಗೆ, ಅಂದರೆ ಸುಟ್ಟಾಗ ಗಾಜಿನಂತಾಗುವ ಲೇಪಕ್ಕೆ, ತವರದ ಆಕ್ಸೈಡ್ ಸೇರಿಸಿದರೆ ಕೆಂಪು ಮಣ್ಣು ಪೂರ್ತಿ ಮುಚ್ಚಿಹೋಗುತ್ತೆ. ಅವರು ಸೀಸವನ್ನೂ ಹಾಕುತ್ತಿದ್ದರು. ನಾನು ಸೀಸವಿಲ್ಲದ ಫ್ರಿಟ್ (ಕರಗಿಸಿ ಪುಡಿ ಮಾಡಿದ ಗಾಜು) ತಗೊಂಡು, ನೂರಕ್ಕೆ 8 ಭಾಗ ತವರ ಬೆರೆಸಿದೆ. ತವರ ದುಬಾರಿ. ಜಿರ್ಕಾನ್ ಅನ್ನುವ ಖನಿಜದ ಪುಡಿ ಹಾಕಿದರೆ ಖರ್ಚು ಕಡಿಮೆ, ಆದರೆ ತವರದ ಆ ಬೆಣ್ಣೆಯಂಥ ಬಿಳುಪು ಅದಕ್ಕೆ ಬರಲ್ಲ.

ಕಷ್ಟ ಶುರುವಾಗುವುದು ಚಿತ್ರದಲ್ಲಿ. ಒಮ್ಮೆ ಸುಟ್ಟ ಬಟ್ಟಲನ್ನು ಗ್ಲೇಜ್‌ನಲ್ಲಿ ಅದ್ದಿ ತೆಗೆದರೆ ಮೇಲ್ಮೈ ರಂಗೋಲಿ ಪುಡಿ ಹಾಗೆ ಒಣಗಿ ನಿಲ್ಲುತ್ತೆ. ಬ್ರಷ್ ತಾಗಿದ ಕ್ಷಣಕ್ಕೆ ಬಣ್ಣ ಹೀರಿಕೊಳ್ಳುತ್ತೆ. ಒರೆಸುವ ಹಾಗಿಲ್ಲ, ಒರೆಸಿದರೆ ಬಿಳಿಯೇ ಎದ್ದು ಬರುತ್ತೆ. ಮಗುವಿನ ಮೂಗು ಬರೆಯುವಾಗ ನನ್ನ ಕೈ ಒಂದು ಕ್ಷಣ ನಿಂತಿತು. ಅಷ್ಟಕ್ಕೇ ಕೋಬಾಲ್ಟ್ ನೀಲಿ ಹರಡಿ ಮೂಗು ಆಲೂಗಡ್ಡೆ ಆಯ್ತು. ಅದನ್ನು ಹಾಗೇ ಬಿಟ್ಟೆ.

ಹಸಿರಿಗೆ ಅವರು ತಾಮ್ರ ಬಳಸುತ್ತಿದ್ದರು. ಹುಳಿಗೆ ತಾಮ್ರ ಬಿಟ್ಟುಕೊಳ್ಳಬಹುದು ಅಂತ ಅದನ್ನು ಹೊರಗಿನ ಬಳ್ಳಿಗೆ ಮಾತ್ರ ಹಚ್ಚಿದೆ. ಒಳಗೆ ಕೋಬಾಲ್ಟ್, ಕಬ್ಬಿಣದ ಕಂದು, ಅಷ್ಟೇ.

ಮೊದಲ ಬಟ್ಟಲು 1040 ಡಿಗ್ರಿಯಲ್ಲಿ ಬೆಂದು ಚೆನ್ನಾಗೇ ಬಂತು. ಮೂರನೇ ದಿನ ಕೂದಲೆಳೆಯಂಥ ಬಿರುಕು ಕಾಣಿಸಿತು. ಪರೀಕ್ಷೆಗೆ ಸಾರು ಹಾಕಿಟ್ಟೆ, ಬೆಳಿಗ್ಗೆ ಬಿರುಕಿಗೆಲ್ಲ ಅರಿಶಿನ ಇಳಿದು ಹಳದಿ ಬಲೆ ಆಗಿತ್ತು. ತಪ್ಪು ಮಣ್ಣಿನದು. ಮಾಯೋಲಿಕಾ ಮಾಡುವವರು ಸುಣ್ಣದ ಅಂಶ ಇರುವ ಮಣ್ಣು ಬಳಸುತ್ತಿದ್ದರು, ಅದು ಸುಟ್ಟ ಮೇಲೆ ತಣ್ಣಗಾಗುವಾಗ ಜಾಸ್ತಿ ಕುಗ್ಗಿ ಗ್ಲೇಜನ್ನು ಬಿಗಿಯಾಗಿ ಹಿಡಿಯುತ್ತೆ. ನನ್ನ ಕೆಂಪು ಮಣ್ಣಲ್ಲಿ ಸುಣ್ಣ ತೀರಾ ಕಡಿಮೆ. ನೂರಕ್ಕೆ 12 ಭಾಗ ಕ್ಯಾಲ್ಸಿಯಂ ಕಾರ್ಬೊನೇಟ್ ಪುಡಿಯನ್ನು ನುಣ್ಣಗೆ ಜರಡಿ ಹಿಡಿದು ಕಲಸಿದೆ. ಹರಳು ಉಳಿದರೆ ಆಮೇಲೆ ಪಾತ್ರೆಯೇ ಚಕ್ಕೆ ಏಳುತ್ತೆ. ಎರಡನೇ ಬಟ್ಟಲು ಇವತ್ತಿನವರೆಗೂ ಬಿರುಕು ಬಿಟ್ಟಿಲ್ಲ.

ಇಟಲಿಯಲ್ಲೂ ಈ ಪಾತ್ರೆ ಊಟಕ್ಕೋ, ನೋಟಕ್ಕೋ ಅನ್ನುವ ಗೊಂದಲ ಇತ್ತು ಅನ್ನಿಸುತ್ತೆ. ಕ್ರೆದೆನ್ಸಾ ಅನ್ನುವ ಮೇಜಿನ ಮೇಲೆ ಜೋಡಿಸಿ ಮೆರೆಸುತ್ತಿದ್ದರು. ಆದರೆ ಉಳಿದಿರುವ ಕೆಲವು ತಟ್ಟೆಗಳ ಮೇಲೆ ಚಾಕುವಿನ ಗೀರೂ ಇವೆ. 1524ರಲ್ಲಿ ಉರ್ಬಿನೊದ ಡಚೆಸ್ ಎಲಿಯನೋರಾ ತನ್ನ ತಾಯಿ ಇಸಬೆಲ್ಲಾ ದೆಸ್ತೆಗೆ ಮಾಯೋಲಿಕಾ ಪಾತ್ರೆಗಳನ್ನು ಕಳಿಸುವಾಗ, ಇವು ಹಳ್ಳಿಮನೆಗೆ ತಕ್ಕವು ಅಂತ ಬರೆದಿದ್ದಳು.

ನಮ್ಮಮ್ಮ ಬಟ್ಟಲನ್ನು ತಿರುಗಿಸಿ ನೋಡಿ, “ಇದರಲ್ಲಿ ಮೆಣಸಿನ ಸಾರು ಹಾಕಿದ್ರೆ ಹಾಳಾಗಲ್ವೇನೇ?” ಅಂದರು. ಇಲ್ಲಮ್ಮ, ಅದಕ್ಕೇ ಮಾಡಿದ್ದು ಅಂದೆ. ಆದರೂ ಹೆರಿಗೆಯಾದ ಮೇಲೆ ಹದಿನೈದು ದಿನ ತಂಗಿಗೆ ಸಾರನ್ನು ಸ್ಟೀಲ್ ಲೋಟದಲ್ಲೇ ಕೊಟ್ಟರು. ಹದಿನಾರನೇ ದಿನ ತಂಗಿಯೇ ಫೋನ್ ಮಾಡಿದಳು: “ಅಕ್ಕಾ, ಸಾರು ಖಾಲಿಯಾಯ್ತು. ಆ ಪಾಪುಗೆ ಮೂಗು ಯಾಕೆ ಹಾಗಿದೆ?”