ಮೈನರ್ ಲೀಗ್ ಹುಡುಗರಲ್ಲಿ ಯಾರನ್ನು ಇಟ್ಟುಕೊಳ್ಳಬೇಕು, ಯಾರನ್ನು ಬಿಡಬೇಕು

ನವೆಂಬರ್ ಬಂತೆಂದರೆ ನಮ್ಮ ಫ್ಯಾಂಟಸಿ ಬೇಸ್‌ಬಾಲ್ (ನಿಜ ಆಟಗಾರರನ್ನು ನಮ್ಮ ನಮ್ಮ ಪಟ್ಟಿಗೆ ಸೇರಿಸಿಕೊಂಡು ಅವರ ಆಟದ ಅಂಕಿಗಳ ಮೇಲೆ ಪೈಪೋಟಿ ನಡೆಸುವ ಆಟ) ಗುಂಪಿನಲ್ಲಿ ಜಗಳ ಶುರು. ಗುಂಪಿನಲ್ಲಿ ಹೆಚ್ಚಿನವರು ಪುಣೆಯ ಹಿಂಜವಡಿ, ವಾಕಡ್ ಕಡೆಯ ಕನ್ನಡದವರು, ಅಮೆರಿಕದ ಕ್ಲೈಂಟ್‌ಗಳಿಗಾಗಿ ರಾತ್ರಿ ಪಾಳಿ ಮಾಡುತ್ತಾ ಮಾಡುತ್ತಾ ಈ ಆಟದ ಹುಚ್ಚು ಹಿಡಿಸಿಕೊಂಡವರು. ಡೊಂಬಿವಲಿಯವರು ಇಬ್ಬರಿದ್ದಾರೆ, ಮಾತು ಅವರದೇ ಜಾಸ್ತಿ. ಹೊಸದಾಗಿ ಸೇರಿದವರೆಲ್ಲ ಕೇಳುವುದು ಒಂದೇ: ಮೈನರ್ ಲೀಗ್ (ಅಮೆರಿಕದ ಮೇಜರ್ ಲೀಗಿಗೆ ಹುಡುಗರನ್ನು ತಯಾರು ಮಾಡುವ ಕೆಳಗಿನ ಲೀಗ್) ಹುಡುಗರನ್ನು ಅಳೆಯೋದು ಹೇಗೆ, ಪಟ್ಟಿಯಲ್ಲಿ ಯಾರನ್ನು ಉಳಿಸಿಕೊಳ್ಳೋದು? ವಾಟ್ಸಾಪಿನಲ್ಲಿ ತುಂಡು ತುಂಡಾಗಿ ಉತ್ತರ ಕೊಟ್ಟು ಸಾಕಾಗಿದೆ, ಒಟ್ಟಿಗೆ ಬರೆದುಬಿಡುತ್ತೇನೆ.

‘ಈ ಹುಡುಗ ಚೆನ್ನಾಗಿ ಆಡ್ತಾನಾ?’ ಅನ್ನುವುದು ಅರ್ಧ ಪ್ರಶ್ನೆ. ನಾನು ಬಿಟ್ಟರೆ ಇವನನ್ನು ಯಾರಾದರೂ ಎತ್ತಿಕೊಳ್ಳುತ್ತಾರಾ, ಎತ್ತಿಕೊಂಡವರಿಗೆ ಇಟ್ಟುಕೊಳ್ಳಲು ಜಾಗ ಇದೆಯಾ ಅನ್ನುವುದು ಉಳಿದ ಅರ್ಧ. ಮೇಜರ್ ಲೀಗ್ ತಂಡಗಳು ಯೋಚಿಸುವುದೂ ಹೀಗೇ. ಅವರ ನಿಯಮ ತಿಳಿದುಕೊಂಡರೆ ನಮ್ಮ ತಲೆನೋವು ಎಷ್ಟೋ ಕಡಿಮೆಯಾಗುತ್ತದೆ.

ಆ ನಿಯಮದ ಹೆಸರು ರೂಲ್ 5. 18 ಅಥವಾ ಅದಕ್ಕಿಂತ ಕಡಿಮೆ ವಯಸ್ಸಿನಲ್ಲಿ ಸಹಿ ಹಾಕಿದ ಹುಡುಗನಿಗೆ ಐದು ಸೀಸನ್, 19 ತುಂಬಿದ ಮೇಲೆ ಸಹಿ ಹಾಕಿದವನಿಗೆ ನಾಲ್ಕು ಸೀಸನ್ ಗಡುವು. ಅಷ್ಟರೊಳಗೆ ತಂಡ ಅವನನ್ನು ತನ್ನ 40 ಜನರ ರೋಸ್ಟರ್‌ಗೆ, ಅಂದರೆ ಆಟಗಾರರ ಪಟ್ಟಿಗೆ, ಸೇರಿಸಬೇಕು. ಉದಾಹರಣೆಗೆ, 2022ರಲ್ಲಿ ಕಾಲೇಜಿನಿಂದ ಬಂದವರ ಮತ್ತು 2021ರಲ್ಲಿ ಹೈಸ್ಕೂಲಿನಿಂದ ಬಂದವರ ಗಡುವು 2025ರ ನವೆಂಬರಿಗೆ ಮುಗಿಯಿತು. ಸೇರಿಸದಿದ್ದರೆ ಡಿಸೆಂಬರಿನ ಡ್ರಾಫ್ಟಿನಲ್ಲಿ (ತಂಡಗಳು ಸರದಿಯಂತೆ ಆಟಗಾರರನ್ನು ಆರಿಸಿಕೊಳ್ಳುವುದು) ಬೇರೆ ತಂಡ 1 ಲಕ್ಷ ಡಾಲರ್ ಕೊಟ್ಟು ಎತ್ತಿಕೊಂಡು ಹೋಗಬಹುದು.

ಆದರೆ ಎತ್ತಿಕೊಂಡವರಿಗೂ ಒಂದು ಕೊಕ್ಕೆ ಇದೆ. ಮುಂದಿನ ಸೀಸನ್ ಪೂರ್ತಿ ಆ ಹುಡುಗನನ್ನು 26 ಜನರ ಮುಖ್ಯ ತಂಡದಲ್ಲೇ ಇಟ್ಟುಕೊಳ್ಳಬೇಕು. ಆಗದಿದ್ದರೆ ಮೊದಲು ವೇವರ್‌ಗೆ ಹಾಕಬೇಕು, ಅಂದರೆ ಬೇಕಾದವರು ತೆಗೆದುಕೊಳ್ಳಲಿ ಅಂತ ಉಳಿದ ತಂಡಗಳ ಮುಂದಿಡಬೇಕು, ಅಲ್ಲೂ ಯಾರೂ ತೆಗೆದುಕೊಳ್ಳದಿದ್ದರೆ ಹಳೇ ತಂಡ 50,000 ಡಾಲರ್ ಕೊಟ್ಟು ವಾಪಸ್ ಕರೆಸಿಕೊಳ್ಳಬಹುದು. ಈ ಕೊಕ್ಕೆಯಿಂದಾಗಿಯೇ ಸಿಂಗಲ್-ಎಯಲ್ಲಿ (ಮೈನರ್ ಲೀಗಿನ ಕೆಳಗಿನ ಮೆಟ್ಟಿಲು, ಮೇಲೆ ಡಬಲ್-ಎ, ಅದರ ಮೇಲೆ ಟ್ರಿಪಲ್-ಎ) ಆಡುವ 20 ವರ್ಷದ ಶಾರ್ಟ್‌ಸ್ಟಾಪ್ (ಎರಡನೇ ಮತ್ತು ಮೂರನೇ ಬೇಸ್ ನಡುವೆ ನಿಲ್ಲುವ ಫೀಲ್ಡರ್) ಎಷ್ಟೇ ಪ್ರತಿಭಾವಂತನಾದರೂ ತಂಡ ಧೈರ್ಯವಾಗಿ ಅವನನ್ನು ಹೊರಗೆ ಬಿಡುತ್ತದೆ, ಯಾಕೆಂದರೆ ಅವನನ್ನು ವರ್ಷವಿಡೀ ಮೇಜರ್ ಲೀಗ್ ಬೆಂಚಿನಲ್ಲಿ ಕೂರಿಸುವುದು ಯಾರಿಗೂ ಸುಲಭ ಅಲ್ಲ. ಟ್ರಿಪಲ್-ಎಯಲ್ಲಿ ಎರಡೇ ಎರಡು ಒಳ್ಳೆಯ ಪಿಚ್ (ಎಸೆತದ ಬಗೆ) ಇರುವ 24ರ ರಿಲೀವರ್‌ನನ್ನು (ಆಟದ ನಡುವೆ ಬಂದು ಚೆಂಡೆಸೆಯುವ ಬದಲಿ ಪಿಚರ್) ಬಿಟ್ಟರೆ ಮಾತ್ರ ಹೋದ ಅಂತಲೇ ಲೆಕ್ಕ. ಬುಲ್‌ಪೆನ್ನಿನ, ಅಂದರೆ ಬದಲಿ ಪಿಚರ್‌ಗಳ ಗುಂಪಿನ, ಕೊನೆಯ ಜಾಗದಲ್ಲಿ ಅವನನ್ನು ಅಡಗಿಸಿಟ್ಟು ವರ್ಷ ದೂಡಬಹುದು.

ಲೆಕ್ಕ ತಪ್ಪಿದ್ದೂ ಉಂಟು. 1954ರಲ್ಲಿ ಬ್ರೂಕ್ಲಿನ್ ಡಾಜರ್ಸ್ ತಮ್ಮ ಮಾಂಟ್ರಿಯಲ್ ತಂಡದಲ್ಲಿ ಇಟ್ಟಿದ್ದ ರಾಬರ್ಟೊ ಕ್ಲೆಮೆಂಟೆಯನ್ನು ಪಿಟ್ಸ್‌ಬರ್ಗ್ ಪೈರೇಟ್ಸ್ ಎತ್ತಿಕೊಂಡರು, ಮುಂದೆ ಆತ 3,000 ಹಿಟ್ ಹೊಡೆದ. 1999ರಲ್ಲಿ ಹೂಸ್ಟನ್ ಬಿಟ್ಟುಕೊಟ್ಟ ಪಿಚರ್ ಯೋಹಾನ್ ಸಂತಾನ ಮಿನ್ನೆಸೋಟಾ ಟ್ವಿನ್ಸ್ ಸೇರಿದ. ಮೊದಲ ವರ್ಷ ಅವನ ಇಆರ್‌ಎ (ಒಂಬತ್ತು ಇನಿಂಗ್ಸ್‌ಗೆ ಪಿಚರ್ ಬಿಟ್ಟುಕೊಟ್ಟ ರನ್‌ಗಳ ಸರಾಸರಿ, ಕಡಿಮೆ ಇದ್ದಷ್ಟೂ ಒಳ್ಳೆಯದು) 6.49, ನೋಡಿದವರೆಲ್ಲ ನಕ್ಕಿರಬೇಕು. ಟ್ವಿನ್ಸ್ ತಾಳಿಕೊಂಡರು. 2004 ಮತ್ತು 2006ರಲ್ಲಿ ಅವನಿಗೆ ವರ್ಷದ ಶ್ರೇಷ್ಠ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿ ಬಂತು. ತೀರಾ ಈಚಿನದೆಂದರೆ ಪಿಚರ್ ಗ್ಯಾರೆಟ್ ವಿಟ್ಲಾಕ್. ಮೊಣಕೈ ಆಪರೇಷನ್ ಆಗಿತ್ತು, ಡಬಲ್-ಎ ದಾಟಿರಲಿಲ್ಲ, ಯಾರು ತಗೋತಾರೆ ಅಂತ ಯಾಂಕೀಸ್ ಬಿಟ್ಟರು. 2020ರಲ್ಲಿ ಅವನನ್ನು ಎತ್ತಿಕೊಂಡದ್ದು ಬೇರೆ ಯಾರೂ ಅಲ್ಲ, ಯಾಂಕೀಸ್‌ನ ಬದ್ಧ ಎದುರಾಳಿ ಬಾಸ್ಟನ್ ರೆಡ್ ಸಾಕ್ಸ್. ಮರುವರ್ಷ ಅವನ ಇಆರ್‌ಎ 1.96. ಗಾಯವಾದ ಪಿಚರ್ ಅಂತ ಸುಮ್ನೆ ಕೈಬಿಡುವ ಮೊದಲು ಅವನು ಮೈದಾನಕ್ಕೆ ಮರಳುವ ಹೊತ್ತು ಯಾವುದು ಅಂತ ನೋಡಿ.

ಈಗ ಅಳೆಯುವ ವಿಷಯ. ನಾನು ಮೊದಲು ನೋಡುವುದು ವಯಸ್ಸು, ಆಮೇಲೆ ಅಂಕಿ. ಡಬಲ್-ಎಯಲ್ಲಿ ಹೆಚ್ಚಿನವರು 23-24ರ ಹುಡುಗರು. ಅಲ್ಲಿ 20ರ ಹುಡುಗ ಸಾಧಾರಣವಾಗಿ ಆಡಿದರೂ ಅದು ದೊಡ್ಡ ಸುದ್ದಿ, 26ರವನು ಅಬ್ಬರಿಸಿದರೆ ಅಷ್ಟೇನಿಲ್ಲ. ಸಿಂಗಲ್-ಎಯಿಂದ ಡಬಲ್-ಎಗೆ ಹೋಗುವ ಮೆಟ್ಟಿಲೇ ಕಷ್ಟದ್ದು ಅಂತ ತಿಳಿದವರು ಹೇಳುತ್ತಾರೆ, ನನಗೂ ಹಾಗೇ ಅನಿಸುತ್ತದೆ. ಬರೀ ವೇಗದಿಂದ ಬದುಕುತ್ತಿದ್ದ ಪಿಚರ್‌ಗಳೂ, ಕೆಟ್ಟ ಚೆಂಡಿಗೆ ಬ್ಯಾಟ್ ಬೀಸುವ ಬ್ಯಾಟರ್‌ಗಳೂ ಅಲ್ಲಿ ಸಿಕ್ಕಿಬೀಳುತ್ತಾರೆ.

ಬ್ಯಾಟರ್ ಆದರೆ ಹಿಟ್‌ಗಳ ಸರಾಸರಿಗೆ ಮರುಳಾಗಬೇಡಿ. ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕ್ ಆಗಿ ಔಟಾಗುವುದು) ಎಷ್ಟು, ವಾಕ್ (ನಾಲ್ಕು ಕೆಟ್ಟ ಚೆಂಡು ಬಿಟ್ಟು ಪುಕ್ಕಟೆ ಮೊದಲ ಬೇಸ್ ಪಡೆಯುವುದು) ಎಷ್ಟು? ನೂರು ಸಲ ಬ್ಯಾಟ್ ಹಿಡಿದರೆ ಮೂವತ್ತಕ್ಕಿಂತ ಹೆಚ್ಚು ಸಲ ಸ್ಟ್ರೈಕ್‌ಔಟ್ ಆಗುವವನನ್ನು ನಾನು ನಂಬುವುದಿಲ್ಲ, ಹೋಮ್ ರನ್ ಎಷ್ಟೇ ಇರಲಿ. ಬಿಎಬಿಐಪಿ ಕೂಡ ನೋಡಿ, ಅಂದರೆ ಮೈದಾನದೊಳಗೆ ಬಿದ್ದ ಚೆಂಡುಗಳಲ್ಲಿ ಹಿಟ್ ಆದ ಪ್ರಮಾಣ. ಸಾಮಾನ್ಯವಾಗಿ ಅದು .300ರ ಆಸುಪಾಸು. ಎರಡು ತಿಂಗಳು .400 ಇದ್ದರೆ ಅದರಲ್ಲಿ ಅದೃಷ್ಟದ ಪಾಲು ದೊಡ್ಡದು. ಮೈದಾನವನ್ನೂ ಮರೆಯಬೇಡಿ. ಟ್ರಿಪಲ್-ಎ ಮಟ್ಟದ ಪೆಸಿಫಿಕ್ ಕೋಸ್ಟ್ ಲೀಗಿನ ಆಲ್ಬುಕರ್ಕಿ ಊರು 5,000 ಅಡಿಗೂ ಎತ್ತರದಲ್ಲಿದೆ, ಗಾಳಿ ತೆಳು, ಚೆಂಡು ಹಾರುತ್ತದೆ. ಅಲ್ಲಿನ 25 ಹೋಮ್ ರನ್ ಬೇರೆ ಕಡೆಯ 25ಕ್ಕೆ ಸಮ ಅಲ್ಲ. ಅಲ್ಲಿ ಇಆರ್‌ಎ 5 ಇರುವ ಪಿಚರ್ ನಿಜಕ್ಕೂ ಕೆಟ್ಟವನು ಅಂತಲೂ ಹೇಳಲಾಗದು. ಟ್ರಿಪಲ್-ಎ ಆಟಗಾರರ ಚೆಂಡಿನ ವೇಗ, ಹೊಡೆತದ ಬಿರುಸು ಎಲ್ಲವೂ ಬೇಸ್‌ಬಾಲ್ ಸಾವಂತ್ ತಾಣದಲ್ಲಿ ಉಚಿತವಾಗಿ ಸಿಗುತ್ತದೆ.

ಪಿಚರ್‌ಗಳಲ್ಲಿ ಬರೀ ತೋಳು ನೋಡಿ ಮೋಸ ಹೋಗುವುದು ಸುಲಭ. 2008ರಲ್ಲಿ ಜಾವೆಲಿನ್ ಎಸೆಯುತ್ತಿದ್ದ ನಮ್ಮ ರಿಂಕು ಸಿಂಗ್, ದಿನೇಶ್ ಪಟೇಲ್ ಪಿಟ್ಸ್‌ಬರ್ಗ್ ಜೊತೆ ಸಹಿ ಹಾಕಿದ್ದು ನೆನಪಿದೆ ಅಲ್ವಾ? ತೋಳಿನ ಬಲದಿಂದಲೇ ಅಲ್ಲಿಯವರೆಗೆ ಹೋದರು, ಇಬ್ಬರೂ ಮೇಜರ್ ಲೀಗ್ ಮುಟ್ಟಲಿಲ್ಲ. ನೋಡಬೇಕಾದದ್ದು: ಸ್ಟ್ರೈಕ್ ಎಸೆಯುತ್ತಾನಾ (ಅಂದರೆ ಚೆಂಡು ಗುರಿಯೊಳಗೆ ಬೀಳುತ್ತದಾ), ನಂಬಿಕೆಯ ಮೂರನೇ ಪಿಚ್ ಇದೆಯಾ? ಮೂರನೆಯದು ಇಲ್ಲದವನು ಕೊನೆಗೆ ಬುಲ್‌ಪೆನ್ನಿಗೆ ಹೋಗುವುದೇ ಹೆಚ್ಚು, ಫ್ಯಾಂಟಸಿಯಲ್ಲಿ ಅಂಥವನ ಬೆಲೆ ಅರ್ಧ. ನನ್ನ ಪಟ್ಟಿಯಲ್ಲಿ ಇಬ್ಬರು ಸಮಸಮ ಅನಿಸಿದರೆ ನಾನು ಬ್ಯಾಟರ್‌ನನ್ನೇ ಇಟ್ಟುಕೊಳ್ಳುತ್ತೇನೆ. ಪಿಚರ್‌ಗೆ ಮೊಣಕೈ ಆಪರೇಷನ್ ಆದರೆ ವರ್ಷದ ಮೇಲೇ ಹೋಯಿತು, ಆ ಜಾಗವೂ ಅಷ್ಟು ದಿನ ಕಟ್ಟಿಹಾಕಿದಂತೆ.

ಸ್ಕೌಟ್ (ಆಟಗಾರರನ್ನು ನೋಡಿ ಅಳೆಯುವವರು) ವರದಿಗಳಲ್ಲಿ 20ರಿಂದ 80ರ ಅಂಕ ಕಾಣುತ್ತದೆ. 50 ಅಂದರೆ ಮೇಜರ್ ಲೀಗಿನ ಸರಾಸರಿ. ಪರೀಕ್ಷೆಯ ನೂರಕ್ಕೆ ಐವತ್ತು ಅಂತ ಓದಿ ಮೂಗು ಮುರಿಯಬೇಡಿ, 50 ಬಂದವನು ಒಳ್ಳೆಯ ಆಟಗಾರನೇ.

ಉಳಿಸಿಕೊಳ್ಳುವ ತೀರ್ಮಾನಕ್ಕೆ ಬರೋಣ. ನಮ್ಮ ಲೀಗಿನಲ್ಲಿ ಎತ್ತಿಕೊಂಡವರಿಗೆ ಮೇಲಿನ ಕೊಕ್ಕೆ ಇಲ್ಲ, ಆದ್ದರಿಂದ ದೂರದ 18ರ ಹುಡುಗನೂ ಹೋಗಬಹುದು. ಆದರೆ ಜಾಗ ಎಲ್ಲರಿಗೂ ಸೀಮಿತ. ನಿಮ್ಮ ಪಟ್ಟಿಗಿಂತ ಮೊದಲು ಎದುರಾಳಿಗಳ ಪಟ್ಟಿ ತೆರೆದು ಕೂತುಕೊಳ್ಳಿ, ಯಾರ ಹತ್ತಿರ ಖಾಲಿ ಜಾಗ ಇದೆ, ಯಾರಿಗೆ ಯಾವ ಸ್ಥಾನದ ಆಟಗಾರ ಬೇಕು ಅಂತ ಬರೆದುಕೊಳ್ಳಿ. ಎಲ್ಲರ ಪಟ್ಟಿ ತುಂಬಿದ್ದರೆ ನಿಮ್ಮ ಕೊನೆಯ ಹುಡುಗನನ್ನು ಬಿಟ್ಟು ಆಮೇಲೆ ವಾಪಸ್ ಕರೆದುಕೊಳ್ಳಬಹುದು. ಹೇಗೂ ಕಳೆದುಕೊಳ್ಳುವವರನ್ನು ಬಿಟ್ಟುಕೊಡುವ ಬದಲು ಗಡುವಿಗೆ ಮುಂಚೆ ಮಾರಿ. ಇಬ್ಬರು ಸಾಧಾರಣದವರನ್ನು ಕೊಟ್ಟು ಒಬ್ಬ ಒಳ್ಳೆಯವನನ್ನು ತಗೊಳ್ಳಿ. ಟ್ಯಾಂಪಾ ಬೇ ರೇಸ್ ನವೆಂಬರಿನಲ್ಲಿ ಇಂಥ ವ್ಯಾಪಾರಕ್ಕೆ ಹೆಸರುವಾಸಿ.

ನಿಜ ತಂಡಗಳ ನವೆಂಬರ್ ಪಟ್ಟಿಯನ್ನೂ ತಪ್ಪದೆ ನೋಡಿ. ಅಮೆರಿಕದ ಸಂಜೆ ಅಂದರೆ ನಮಗೆ ಮರುದಿನ ಬೆಳಗಿನ ಜಾವ, ಕಾಫಿ ಜೊತೆ ಓದಬಹುದು. 40ರೊಳಗೆ ಬಂದ ಹುಡುಗನನ್ನು ಮೇಲಕ್ಕೆ ಕರೆಸುವುದು ಮುಂದಿನ ವರ್ಷ ತಂಡಕ್ಕೆ ಸುಲಭ, ಬೇರೊಬ್ಬನನ್ನು 40ರಿಂದ ತೆಗೆಯಬೇಕಿಲ್ಲ. ಅವಕಾಶ ಸಿಗುವ ಮೊದಲ ಸುಳಿವು ಅದೇ. ಅಲ್ಲಿಗೆ ಅವನ ಆಪ್ಷನ್ ಗಡಿಯಾರವೂ ಶುರುವಾಗುತ್ತದೆ. ಸಾಮಾನ್ಯವಾಗಿ ಮೂರು ವರ್ಷ ಅವನನ್ನು ಕೆಳಗೆ ಕಳಿಸಬಹುದು, ನಾಲ್ಕನೆಯ ವರ್ಷ 26ರಲ್ಲಿ ಇಟ್ಟುಕೊಳ್ಳಬೇಕು, ಇಲ್ಲವೇ ವೇವರ್‌ಗೆ ಹಾಕಬೇಕು. ಪ್ರತಿ ಮಾರ್ಚಿನಲ್ಲಿ ಹೀಗೆ ಆಪ್ಷನ್ ಮುಗಿದವರ ಪಟ್ಟಿ ಹುಡುಕಿ. ದೊಡ್ಡ ತಂಡದಲ್ಲಿ ಜಾಗ ಸಿಗದೆ ಸೋತ ತಂಡಕ್ಕೆ ಹೋಗಿ ದಿನವೂ ಆಡುವ ಹುಡುಗರು ಅಲ್ಲಿ ಸಿಗುತ್ತಾರೆ, ನಮ್ಮ ಗುಂಪಿನಲ್ಲಿ ಆ ಹೊತ್ತಿಗೆ ಅವರ ಹೆಸರು ಯಾರಿಗೂ ನೆನಪಿರುವುದಿಲ್ಲ.