ಟೆಕ್ಸಸ್‌ನ ಸಣ್ಣ ಊರಲ್ಲಿ ಸಿಕ್ಕ ಸ್ಪೀಡಿಂಗ್ ಟಿಕೆಟ್ ವಜಾ ಆಗಿದ್ದು ಹೀಗೆ

ಹೆದ್ದಾರಿಯಲ್ಲಿ ಗಂಟೆಗೆ 70 ಮೈಲಿ ಇದ್ದ ವೇಗ ಮಿತಿ ಊರು ಹತ್ತಿರ ಬಂದಂತೆ 55, ಇಳಿಜಾರು ಮುಗಿಯುವಷ್ಟರಲ್ಲಿ 45. ನಾನು 58ರಲ್ಲಿದ್ದೆ. ಟಿಕೆಟ್ ಬಂತು.

ಬೋರ್ಡಿಗೆ ಮರದ ಕೊಂಬೆ ಅಡ್ಡ ಇತ್ತು ಅಂತ ಫೋಟೊ ಕಳಿಸಿದೆ, ಉಪಯೋಗ ಆಗಲಿಲ್ಲ. ಕೋರ್ಟಿಗೆ ಫೋನ್ ಮಾಡಿದರೂ ಅಷ್ಟೇ. ಸುಮ್ನೆ ದಂಡ ಕಟ್ಟಿಬಿಡಬೇಡಿ. ಕಟ್ಟಿದರೆ ತಪ್ಪು ನಿಮ್ಮ ರೆಕಾರ್ಡಿಗೆ ಹೋಗುತ್ತದೆ, ಇನ್ಶೂರೆನ್ಸ್ ಜಾಸ್ತಿ ಆಗಬಹುದು.

ಕೆಲಸ ಆಗಿದ್ದು ಡಿಫೆನ್ಸಿವ್ ಡ್ರೈವಿಂಗ್ ಕೋರ್ಸಿನಿಂದ, ಅಂದರೆ ಸುರಕ್ಷಿತ ಚಾಲನೆಯ ತರಗತಿ. ಕೋರ್ಟಿನ ಅನುಮತಿ ಪಡೆದು ಅದನ್ನು ಮುಗಿಸಿದರೆ ಟಿಕೆಟ್ ವಜಾ ಆಗುತ್ತದೆ. ಇದಕ್ಕೆ ಅರ್ಹರಾಗಲು ವೇಗ ಮಿತಿಗಿಂತ 25 ಮೈಲಿ ಅಥವಾ ಅದಕ್ಕೂ ಮೇಲೆ ಹೋಗಿರಬಾರದು. ಹಿಂದಿನ 12 ತಿಂಗಳಲ್ಲಿ ಬೇರೆ ಟಿಕೆಟ್‌ಗೆ ಈ ದಾರಿ ಹಿಡಿದಿರಬಾರದು. ಟಿಕೆಟ್‌ನಲ್ಲಿರುವ ಹಾಜರಾಗುವ ದಿನದೊಳಗೆ ‘ನೋ ಕಾಂಟೆಸ್ಟ್’ (ತಪ್ಪು ಒಪ್ಪಿಕೊಳ್ಳದೆ, ಆರೋಪವನ್ನು ಪ್ರಶ್ನಿಸುವುದೂ ಇಲ್ಲ) ಅಂತ ಬರೆದು ಕೋರ್ಸಿಗೆ ಅನುಮತಿ ಕೇಳಿ. ಜೊತೆಗೆ ಲೈಸೆನ್ಸ್, ಇನ್ಶೂರೆನ್ಸ್ ಪ್ರತಿ, ಕೋರ್ಟ್ ಶುಲ್ಕ. ಅಂಚೆಯಲ್ಲಾದರೆ ಸರ್ಟಿಫೈಡ್ ಮೇಲ್‌ನಲ್ಲೇ (ಕಳಿಸಿದ್ದಕ್ಕೆ ರಸೀದಿ ಸಿಗುವ ಅಂಚೆ) ಕಳಿಸಿ. ಅನುಮತಿ ಕೈಗೆ ಬಂದ ಮೇಲೆ ಕೋರ್ಸ್ ಮಾಡಿ. 6 ಗಂಟೆ, ಆನ್‌ಲೈನ್ ಸಾಕು.

ಎಡವುವುದು ಮುಂದೆ. ಕೋರ್ಟಿಗೆ ಕೊಡಲು ರಾಜ್ಯದಿಂದ ನಿಮ್ಮ ಡ್ರೈವಿಂಗ್ ರೆಕಾರ್ಡ್ ತರಿಸುವಾಗ ‘ಟೈಪ್ 3ಎ’ (ದೃಢೀಕರಿಸಿದ ಪೂರ್ಣ ದಾಖಲೆ) ಅನ್ನೇ ಆರಿಸಿ. ನಾನು ಮೊದಲು ‘ಟೈಪ್ 2’ ಕೊಟ್ಟೆ, ಕೋರ್ಟಿನವರು ವಾಪಸ್ ಕಳಿಸಿದರು. ಕೋರ್ಸ್ ಮುಗಿಸಿದ ಸರ್ಟಿಫಿಕೇಟಿನ ಕೋರ್ಟ್ ಪ್ರತಿಗೆ ಸಹಿ ಹಾಕಿ, ಅದು, 3ಎ, ಅಫಿಡವಿಟ್ (ಪ್ರಮಾಣಪತ್ರ) ಮೂರನ್ನೂ ಅನುಮತಿ ಸಿಕ್ಕ 90 ದಿನದೊಳಗೆ ಒಟ್ಟಿಗೇ ಕೊಡಿ. ನನ್ನ ಕೇಸು ವಜಾ ಆಯಿತು.